ಎಡ ಅಂಚಿನ ಮಿಂಚು

ಕಾಣದ್ದನ್ನು ಬಿಡಿಸಬಾರದು. ನಮ್ಮ ಕಸುಬಿನ ಮೊದಲ ಪಾಠ ಅದು. ಗೋಡೆಯ ಹಿಂದೆ ಕುರ್ಚಿಯಿದ್ದರೆ ಆ ಕುರ್ಚಿಯ ಗೊಡವೆಗೆ ಫೋನಿನಲ್ಲಿ ಚಿತ್ರ ಬಿಡಿಸುವ ಚಿಪ್ ಹೋಗಬಾರದು. ಹೋದರೆ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬರಿದಾಗುತ್ತದೆ, ಆಟವಾಡುವ ಮಕ್ಕಳು ಫೋನು ತಯಾರಿಸಿದವರಿಗೆ ಶಾಪ ಹಾಕುತ್ತಾರೆ. ಸರಿ, ಆದರೆ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಅಂತ ಬಿಡಿಸುವ ಮೊದಲೇ ತಿಳಿಯುವುದು ಹೇಗೆ? ಈ ಒಂದು ಪ್ರಶ್ನೆಯನ್ನು ನಂಬಿಕೊಂಡು ಟ್ರೋಂಡ್‌ಹೈಮ್ ಎಂಬ ಹಿಮದೂರಿನ ನದಿ ದಂಡೆಯ ಒಂದು ಕಚೇರಿಯಲ್ಲಿ ನಾವಷ್ಟು ಜನ ಹೊಟ್ಟೆ ಹೊರೆಯುತ್ತಿದ್ದೆವು.

ನನ್ನದು ಕಟ್ಟಕಡೆಯ ಕೆಲಸ. ಉಳಿದವರು ಲೆಕ್ಕ ಹಾಕಿ, ಸರ್ಕ್ಯೂಟು ಜೋಡಿಸಿ, ಬೆನ್ನು ತಟ್ಟಿಕೊಂಡ ಮೇಲೆ ನಾನು ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕೂತು ನೋಡಬೇಕು. ಓಡುವ ಚಿತ್ರ ಎಲ್ಲಾದರೂ ಎಡವುತ್ತದೆಯೇ, ಬಣ್ಣ ಚೆಲ್ಲುತ್ತದೆಯೇ, ಬಾಗಿಲು ಇರಬೇಕಾದಲ್ಲಿ ತೂತು ಬೀಳುತ್ತದೆಯೇ? ಯಂತ್ರವೂ ಹೋಲಿಸಿ ನೋಡುತ್ತದೆ, ನಿಜ. ಆದರೆ "ಗುನ್ವೋರ್ ನೋಡಿ ಸರಿ ಅಂದ್ರೆ ಸರಿ" ಎನ್ನುವ ಮಾತು ನಮ್ಮಲ್ಲಿ ಆ ಯಂತ್ರಕ್ಕಿಂತ ಹಳೆಯದು. ಗುನ್ವೋರ್ ಅಂದರೆ ನಾನು. ಅರವತ್ತರ ಹೊಸ್ತಿಲಲ್ಲಿರುವವಳು. ಮನೆಯಲ್ಲಿ ಗಂಡನಿಲ್ಲ, ಮಕ್ಕಳಿಲ್ಲ, ಬೆಕ್ಕು ಸಾಕುವಷ್ಟು ತಾಳ್ಮೆಯೂ ಇಲ್ಲ. ನನ್ನದು ಅಂತ ಇದ್ದದ್ದು ಆ ಮಾತೊಂದೇ, ಅದರ ಬಗ್ಗೆ ನನಗೆ ಜಂಬವೂ ಇತ್ತು.

ಎಲೆ ಉದುರುವ ಕಾಲದಲ್ಲಿ ಬ್ರೆಡೆ ಹೊಸ ಉಪಾಯವೊಂದನ್ನು ತಂದ. ಅವನು ನಮ್ಮ ತಂಡದ ಮುಖ್ಯಸ್ಥ, ವಯಸ್ಸಿನಲ್ಲಿ ನನಗೆ ಮಗನಾಗಬಹುದಾದವನು. ಅವನು ನನ್ನನ್ನು ನೀನು ಅನ್ನುತ್ತಾನೆ, ನಾನೂ ಅವನನ್ನು ನೀನು ಅನ್ನುತ್ತೇನೆ. ನಮ್ಮೂರಿನಲ್ಲಿ ಬಹುವಚನಕ್ಕೆ ಕೆಲಸ ಹೋಗಿ ಬಹಳ ಕಾಲವಾಯಿತು. ಉಪಾಯ ಇಷ್ಟೇ: ಹಿಂದಿನ ಚಿತ್ರದಲ್ಲಿ ಮರೆಯಾಗಿದ್ದದ್ದು ಈ ಚಿತ್ರದಲ್ಲೂ ಮರೆಯಾಗಿಯೇ ಇರುತ್ತದೆ ಅಂತ ಮೊದಲು ನಂಬಿಬಿಡುವುದು. ಎದುರಿಗಿರುವುದನ್ನು ಬಿಡಿಸಿ ಮುಗಿಸಿದ ಮೇಲೆ, ನಂಬಿಕೆ ಸುಳ್ಳಾದ ಕಡೆ ಮಾತ್ರ ಓಡಿಹೋಗಿ ತೇಪೆ ಹಾಕುವುದು. ಇದರಿಂದ ಚಿಪ್‌ಗೆ ಹತ್ತಿರ ಹತ್ತಿರ ಅರ್ಧ ಕೆಲಸ ಉಳಿಯುತ್ತಿತ್ತು.

"ತೇಪೆ ತಡವಾದ್ರೆ?" ಎಂದು ಕೇಳಿದೆ.

"ಆಗಲ್ಲ."

"ನೋಟ ಗಿರ್ರನೆ ತಿರುಗಿದಾಗ, ಅಂಚಿನಲ್ಲಿ?"

"ಆಗಲ್ಲ ಅಂದ್ನಲ್ಲ ಮಾರಾಯ್ತಿ. ಬೇಕಾದ್ರೆ ನೋಡ್ಕೋ. ನೋಡೋಕೇ ತಾನೆ ನೀನಿರೋದು?"

ನೋಡಿದೆ. ಪರೀಕ್ಷೆಗೆ ನಾವು ಇಟ್ಟುಕೊಂಡಿದ್ದ ದೃಶ್ಯವೆಂದರೆ ನದಿಯಲ್ಲಿ ಕಂಬ ಊರಿ ನಿಂತ ಹಳೆಯ ಗೋದಾಮುಗಳ ಸಾಲು. ರಾಶಿ ಕಿಟಕಿ, ಮೆಟ್ಟಿಲು, ಹಗ್ಗದ ಸುರುಳಿ, ಪೀಪಾಯಿ, ಎಲ್ಲ ಒಂದರ ಹಿಂದೊಂದು. ಕೈಯಲ್ಲಿನ ಜಾಯ್‌ಸ್ಟಿಕ್ ಹಿಡಿಯನ್ನು ತಿರುಗಿಸಿದ ಹಾಗೆಲ್ಲ ನೋಟ ತಿರುಗುತ್ತದೆ. ಮೊದಮೊದಲು ಎಲ್ಲ ಸರಿಯಾಗಿತ್ತು. ಆಮೇಲೊಂದು ದಿನ, ನೋಟವನ್ನು ರಭಸದಿಂದ ತಿರುಗಿಸಿದಾಗ, ಪರದೆಯ ಎಡ ಅಂಚಿನಲ್ಲಿ ಬಿಳಿಯ ಗೆರೆಯೊಂದು ಚಕ್ಕನೆ ಮಿಂಚಿ ಹೋಯಿತು.

ನನಗಾದ ಖುಷಿಯನ್ನು ಮುಚ್ಚಿಡುವುದೇಕೆ? ಸಿಕ್ಕಿಬಿದ್ದೆಯಾ ಮಗನೇ ಅಂದುಕೊಂಡೆ. ನಮ್ಮ ಚಿಪ್ ಪರದೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಕೊಂಡು ಒಂದೊಂದನ್ನೇ ಬಿಡಿಸುತ್ತದೆ. ತೀರಾ ಎಡಗಡೆಯ ಚೌಕಗಳಿಗೆ ತೇಪೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿಲ್ಲ, ಅಲ್ಲಿ ಹಿಂದಿನ ಬಿಳಿ ಆಕಾಶ ಇಣುಕುತ್ತಿದೆ. ಕಾರಣವೂ ಸಿಕ್ಕಿತು, ತಪ್ಪಿತಸ್ಥನೂ ಸಿಕ್ಕ. ದೋಷದ ವರದಿ ಬರೆದು ಬ್ರೆಡೆಯ ಹೆಸರಿಗೆ ಹಾಕಿದೆ.

ಅವನು ಬಂದು ನೋಡಿದ. ಏನೂ ಕಾಣಲಿಲ್ಲ. ಯೋರುನ್ ಬಂದು ನೋಡಿದಳು. ಅವಳು ಚಿಪ್‌ನ ಮೆಮೊರಿಯ ಕಡೆಯವಳು, ಶುಕ್ರವಾರ ಎಲ್ಲರಿಗೂ ವಾಫಲ್ ದೋಸೆ ಹೊಯ್ಯುವವಳೂ ಅವಳೇ, ಕಚೇರಿಯಲ್ಲಿ ನಾನು ಮನಸ್ಸಿಟ್ಟು ಜಗಳವಾಡುವ ಏಕೈಕ ಹೆಂಗಸು. ಅವಳಿಗೂ ಕಾಣಲಿಲ್ಲ.

"ಈಗ ಬಂತಲ್ಲ, ನೋಡ್ಲಿಲ್ವಾ?" ಎಂದೆ.

"ಎಲ್ಲಿ?"

"ಎಡಕ್ಕೆ! ಅಂಚಿಗೆ!"

"ನಂಗೆ ಅಂಚಲ್ಲಿ ಕಾಣ್ತಿರೋದು ನಿನ್ನ ಕಾಫಿ ಲೋಟ ಒಂದೇ. ಅದನ್ನೂ ಹೊಳೆಯೋ ಹಾಗೆ ತೊಳೆದು ಬಹಳ ದಿನ ಆಗಿದೆ."

ಯಂತ್ರ ಹೊಸ ಚಿತ್ರಗಳನ್ನೂ ಹಳೆಯವನ್ನೂ ಚುಕ್ಕೆಗೆ ಚುಕ್ಕೆ ಹೋಲಿಸಿ, ಎಳ್ಳಷ್ಟೂ ವ್ಯತ್ಯಾಸವಿಲ್ಲ ಅಂತ ಹೇಳಿತು. ನಾನು ಒಪ್ಪಲಿಲ್ಲ. ಯಂತ್ರ ಚಿತ್ರವನ್ನು ಮೆಮೊರಿಯಿಂದ ಎತ್ತಿ ನೋಡುತ್ತದೆ, ಮೆಮೊರಿಯಿಂದ ಪರದೆಗೆ ಬರುವ ದಾರಿಯಲ್ಲಿ ಕೆಟ್ಟರೆ ಅದಕ್ಕೇನು ಗೊತ್ತು? ಬ್ರೆಡೆ ಪರದೆಯ ಎದುರಿಗೆ ಕ್ಯಾಮೆರಾ ಇಟ್ಟ. ಕ್ಯಾಮೆರಾಕ್ಕೂ ಸಿಗಲಿಲ್ಲ. ಕ್ಯಾಮೆರಾದ ಕಣ್ಣು ಮುಚ್ಚಿದ್ದ ಹೊತ್ತಿಗೇ ಗೆರೆ ಮಿಂಚಿರಬೇಕು ಅಂತ ನಾನು ವಾದಿಸಿದೆ, ಲೆಕ್ಕ ಹಾಕಿ ತೋರಿಸಿಯೂ ಬಿಟ್ಟೆ. ದಡ್ಡರ ತಪ್ಪನ್ನು ತಿದ್ದಬಹುದು. ಬುದ್ಧಿವಂತರು ತಪ್ಪು ಮಾಡಿದಾಗ ಅದಕ್ಕೆ ಸುತ್ತಲೂ ಕೋಟೆ ಕಟ್ಟಿಕೊಳ್ಳುತ್ತಾರೆ.

ಈ ನಡುವೆ ಪರದೆಯ ಮೇಲೆ ಕಪ್ಪು ಚುಕ್ಕೆಗಳು ಬೇರೆ ಕಾಣಿಸಿಕೊಂಡವು. ಪರದೆಯಲ್ಲಿ ಚುಕ್ಕೆಗಳು ಸಾಯುವುದು ಹೊಸತೇನಲ್ಲ. ಕೂಗಾಡಿ ಹೊಸ ಪರದೆ ತರಿಸಿಕೊಂಡೆ. ಅದರಲ್ಲೂ ಚುಕ್ಕೆ. ಈಗಿನ ಸಾಮಾನೇ ಇಷ್ಟು ಅಂತ ಬೈದುಕೊಂಡು ಸುಮ್ಮನಾದೆ. ಚುಕ್ಕೆಗಳು ಮೆಲ್ಲಗೆ ತೇಲುತ್ತಿದ್ದವು ಎನ್ನುವುದನ್ನು ಗಮನಿಸುವಷ್ಟು ವ್ಯವಧಾನ ನನಗಿರಲಿಲ್ಲ, ಏಕೆಂದರೆ ನನ್ನ ಗಮನವೆಲ್ಲ ಎಡ ಅಂಚಿನ ಮೇಲಿತ್ತು.

ಮನೆಯಲ್ಲೂ ಮಿಂಚುತ್ತಿತ್ತು. ಮೆಟ್ಟಿಲು ಹತ್ತುವಾಗ, ಸಂಜೆ ದೀಪ ಹಾಕುವ ಮೊದಲು ಅಡುಗೆಮನೆಯಲ್ಲಿ ತಲೆ ತಿರುಗಿಸಿದಾಗ. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ದಿನವಿಡೀ ದೋಣಿಯಲ್ಲಿದ್ದವನಿಗೆ ರಾತ್ರಿ ಹಾಸಿಗೆಯೂ ತೂಗುತ್ತದಲ್ಲ, ಅದೇ ರೀತಿ. ಕೆಲಸವನ್ನು ತಲೆಯಲ್ಲಿ ಹೊತ್ತು ಮನೆಗೆ ತರುತ್ತಿದ್ದೇನೆ ಅಂತ ನನ್ನ ಬಗ್ಗೆ ನನಗೇ ಅಭಿಮಾನ ಬಂತು.

ವಿನ್ಯಾಸವನ್ನು ಕಾರ್ಖಾನೆಗೆ ಕಳಿಸುವ ದಿನ ಹತ್ತಿರವಾಯಿತು. ಒಮ್ಮೆ ಕಳಿಸಿದ ಮೇಲೆ ಅದು ಕಲ್ಲಿನಲ್ಲಿ ಕೆತ್ತಿದಂತೆ, ತಿದ್ದಲು ಬರುವುದಿಲ್ಲ. ನಾನು ಸರಿ ಅನ್ನದೆ ಕಳಿಸುವ ಪದ್ಧತಿ ಇಲ್ಲ, ನಾನು ಸರಿ ಅನ್ನುತ್ತಿಲ್ಲ. ಊಟದ ಹೊತ್ತಿನಲ್ಲಿ ನನ್ನ ಮೇಜಿಗೆ ಬರುವವರು ಒಬ್ಬೊಬ್ಬರೇ ಕಡಿಮೆಯಾದರು. ಬ್ರೆಡ್ಡು, ಕಂದು ಚೀಸು, ಎದುರಿಗೆ ಖಾಲಿ ಕುರ್ಚಿ. ನನಗೇನೂ ಅನ್ನಿಸಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಆದರೆ ನಾನು ಕಂಡದ್ದನ್ನು ಕಾಣಲಿಲ್ಲ ಅನ್ನುವುದು ಹೇಗೆ?

ಆ ಶುಕ್ರವಾರ ವಾಫಲ್ ತಟ್ಟೆ ಹಿಡಿದುಕೊಂಡೇ ಜಗಳ ಶುರುವಾಯಿತು.

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದಳು ಯೋರುನ್. "ನಾಲ್ಕನೇದು ತಂದು ಕೈಗೆ ಕೊಟ್ರೂ ಇದು ಇನ್ನೊಂದು ಮೊಲದ್ದು ಅಂತೀಯ."

"ಮೊಲ ನಂದಲ್ಲ, ಬ್ರೆಡೆದು. ಕುಂಟ್ತಾ ಇದೆ, ಅಷ್ಟೇ ನಾನು ಹೇಳ್ತಿರೋದು."

ಬ್ರೆಡೆಗೆ ನಿದ್ದೆಯಿರಲಿಲ್ಲ, ಗಡ್ಡ ಬೆಳೆದಿತ್ತು. "ಯಂತ್ರಕ್ಕೆ ಕಾಣ್ಸಲ್ಲ, ಕ್ಯಾಮೆರಾಕ್ಕೆ ಕಾಣ್ಸಲ್ಲ, ನಮಗ್ಯಾರಿಗೂ ಕಾಣ್ಸಲ್ಲ. ನಿಂಗೊಬ್ಬಳಿಗೆ ಕಾಣ್ಸುತ್ತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ."

"ಕುಣಿಯೋಕೆ ಬರದವರು ನೆಲ ಡೊಂಕು ಅಂದ್ರಂತೆ. ಚಿಪ್ ಮಾಡೋಕೆ ಬರದವರು ನನ್ನ ಕಣ್ಣೇ ಡೊಂಕು ಅಂತಿದೀರಿ."

ಯಾರೂ ನಗಲಿಲ್ಲ. ಬ್ರೆಡೆ ತಟ್ಟೆ ಕೆಳಗಿಟ್ಟ. "ಸರಿ, ಸೋಮವಾರ ಪರೀಕ್ಷೆ ಮಾಡೋಣ. ಒಂದ್ಸಲ ಹೊಸ ಉಪಾಯ ಹಾಕಿ ಓಡಿಸ್ತೀನಿ, ಒಂದ್ಸಲ ತೆಗೆದು ಓಡಿಸ್ತೀನಿ. ಯಾವುದು ಯಾವಾಗ ಅಂತ ನಿಂಗೆ ಹೇಳಲ್ಲ. ಮಿಂಚಿದಾಗ ಈಗ ಅನ್ನು. ನೀನು ಹಿಡಿದುಬಿಟ್ರೆ ನನ್ನ ಉಪಾಯ ಪೂರ್ತಿ ಕಿತ್ತುಹಾಕ್ತೀನಿ, ಚಿಪ್ ಅರ್ಧ ವರ್ಷ ತಡವಾದ್ರೂ ಆಗ್ಲಿ, ಬೈಸ್ಕೊಳ್ಳೋದು ನಾನು. ಹಿಡೀದೆ ಹೋದ್ರೆ..."

"ಹಿಡೀದೆ ಹೋದ್ರೆ ಇನ್ನು ಮುಂದೆ ನನ್ನನ್ನ ಕೇಳೋದು ಬೇಡ," ಎಂದೆ. ಅವನು ಕೇಳದೆಯೇ ನಾನು ಪಣಕ್ಕಿಟ್ಟದ್ದು ಅದನ್ನು.

ಸೋಮವಾರ ಕತ್ತಲೆ ಕೋಣೆಗೆ ಎಲ್ಲರೂ ಬಂದರು. ನಾನು ಹಿಡಿ ಹಿಡಿದುಕೊಂಡು ಕೂತೆ. ಬ್ರೆಡೆ ನನಗೆ ಕಾಣದಂತೆ ಬೆನ್ನ ಹಿಂದೆ, ಚಿಪ್‌ನ ಮಾದರಿಯನ್ನು ಓಡಿಸುವ ಬೋರ್ಡಿನ ಪಕ್ಕ ನಿಂತ. ಗೋದಾಮುಗಳು ಸುತ್ತತೊಡಗಿದವು. "ಈಗ," ಎಂದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ, "ಈಗ." ಚಿತ್ರ ನಿಂತಿತು, ಮತ್ತೆ ಶುರುವಾಯಿತು. "ಈಗ. ಅಲ್ಲಿ, ಈಗ." ಆಮೇಲೆ ದೃಶ್ಯ ನಿಶ್ಚಲವಾಯಿತು. ನಾನು ಹಿಡಿ ತಿರುಗಿಸಿದರೂ ಗೋದಾಮುಗಳು ಅಲ್ಲಾಡಲಿಲ್ಲ. ಏನಾಯಿತು ಅಂತ ಕೇಳಲು ಬ್ರೆಡೆಯ ಕಡೆಗೆ ಸರ್ರನೆ ತಿರುಗಿದೆ, ತಿರುಗುವಾಗಲೇ ಎಡಕ್ಕೆ ಬಿಳಿಯ ಗೆರೆ ಮಿಂಚಿತು.

"ಈಗ!" ಎಂದು ಕೂಗಿದೆ. "ನೋಡಿದ್ರಾ, ಈಗ!"

ಬ್ರೆಡೆಯ ಕೈಯಲ್ಲಿ ಬೋರ್ಡಿನ ಕರೆಂಟಿನ ವೈರಿತ್ತು. ಗೋಡೆಯಿಂದ ಕಿತ್ತಿದ್ದ. ಪರದೆಯ ಮೇಲಿದ್ದದ್ದು ಅವನ ಲ್ಯಾಪ್‌ಟಾಪಿನಿಂದ ಹಾಕಿದ ಬರೀ ಒಂದು ಫೋಟೊ. ಅದೂ ಅಲ್ಲದೆ ನಾನು ಆಗ ಪರದೆಯನ್ನು ನೋಡುತ್ತಲೇ ಇರಲಿಲ್ಲ, ಅವನ ಮುಖ ನೋಡುತ್ತಿದ್ದೆ. ಗೆದ್ದವನ ಮುಖ ಹಾಗಿರುವುದಿಲ್ಲ. ಅವನು ಬಿಳಿಚಿಕೊಂಡಿದ್ದ.

ಯೋರುನ್ ಪಕ್ಕಕ್ಕೆ ಬಂದು ಕೂತಳು. ದನಿ ತಗ್ಗಿಸಿ, "ಗುನ್ವೋರ್, ಎರಡೂ ಕಣ್ಣು ಮುಚ್ಕೋ," ಎಂದಳು.

ಮುಚ್ಚಿಕೊಂಡೆ.

"ಹಾಗೇ ಮುಚ್ಕೊಂಡೇ ಗುಡ್ಡೆ ಆ ಕಡೆ ಈ ಕಡೆ ತಿರುಗಿಸು."

ತಿರುಗಿಸಿದೆ. ರೆಪ್ಪೆಯ ಒಳಗಿನ ಕತ್ತಲೆಯಲ್ಲಿ, ಎಡ ಅಂಚಿನಲ್ಲಿ, ಅದೇ ಬಿಳಿಯ ಗೆರೆ ಅಚ್ಚುಕಟ್ಟಾಗಿ ಮಿಂಚಿತು. ಅಲ್ಲಿ ಚಿಪ್ ಇಲ್ಲ, ಚೌಕವಿಲ್ಲ, ಬ್ರೆಡೆಯ ಉಪಾಯವಿಲ್ಲ. ಮೊದಲು ನನಗಾದದ್ದು ಭಯವಲ್ಲ, ನಾಚಿಕೆ. ಕಣ್ಣು ತೆರೆಯಲೇ ಬೇಡ ಅನ್ನಿಸಿತು. ತೆರೆದು, ಎದ್ದು, ಕೋಟು ಹಾಕಿಕೊಂಡು, "ಕಳಿಸಿ," ಎಂದು ಹೇಳಿ ಹೊರಟೆ. ಯೋರುನ್ ಮೆಟ್ಟಿಲವರೆಗೆ ಹಿಂದೆಯೇ ಬಂದು, "ಇವತ್ತೇ ಆಸ್ಪತ್ರೆಗೆ ಹೋಗು, ನಾನೂ ಬರ್ಲಾ?" ಅಂತ ಕೇಳಿದಳು. ಬೇಡ ಅಂದೆ. ಮನೆಗೆ ಹೋಗಿ ಮಲಗಿದೆ. ಬೆಳಗ್ಗೆ ಎದ್ದಾಗ ಎಡಗಣ್ಣಿನ ಮೂಲೆಯಲ್ಲಿ ಯಾರೋ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು.

ಕಣ್ಣಿನ ಡಾಕ್ಟರು ಗಡಿಬಿಡಿಯ ಹೆಂಗಸು, ಆದರೆ ಕೈ ಮೃದು. ದೀಪ ಬಿಟ್ಟು ನೋಡಿದಳು. "ಕಣ್ಣೊಳಗಿನ ಪರದೆ, ರೆಟಿನಾ, ಹರಿದಿದೆ," ಎಂದಳು. "ಹರಿದು ಕಳಚಿಕೊಳ್ತಾ ಇದೆ. ಇವತ್ತೇ ಆಪರೇಷನ್." ನನಗೆ ನಗು ಬಂದುಬಿಟ್ಟಿತು. ಪರದೆ ಹರಿಯುವುದು ಅಂತ ನಮ್ಮ ಕಸುಬಿನಲ್ಲೂ ಒಂದು ದೋಷವಿದೆ. ಅರ್ಧ ಹಳೆಯ ಚಿತ್ರ, ಅರ್ಧ ಹೊಸ ಚಿತ್ರ ಒಟ್ಟಿಗೆ ಬಂದು ಕೂರುತ್ತವೆ. ಅದರ ವರದಿ ನಾನು ಎಷ್ಟು ಬರೆದಿದ್ದೇನೋ. ಡಾಕ್ಟರು ನಗಲಿಲ್ಲ.

"ಮಿಂಚು ಕಾಣ್ಸೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ತಿಂಗಳ ಮೇಲಾಯ್ತು."

"ತಿಂಗಳಾ! ಯಾರಿಗೂ ಹೇಳ್ಲಿಲ್ವಾ?"

"ಹೇಳಿದೀನಿ. ಕೆಲಸದಲ್ಲಿ ಹೇಳಿ ಹೇಳಿ ಎಲ್ಲರ ತಲೆ ತಿಂದಿದೀನಿ."

"ಕೆಲಸದಲ್ಲಿ ಅಲ್ಲ, ಮನೇಲಿ."

ಅವಳು ಕಣ್ಣಿಗೆ ಹನಿ ಬಿಡುತ್ತ ಬಿಡುತ್ತ ಮಾಮೂಲಿನಂತೆ ಹೇಳುತ್ತ ಹೋದಳು: "ಇಲ್ಲಿಗೆ ಬರೋ ಹೆಚ್ಚಿನವರನ್ನ ಮನೆಯವರೇ ಎಳ್ಕೊಂಡು ಬರ್ತಾರೆ. ಈಗ ದೀಪ ಮಿಂಚಿತಾ ಅಂತ ಗಂಡ ಕೇಳ್ತಾನೆ. ಇಲ್ವಲ್ಲ ಅಂತಾಳೆ ಹೆಂಡತಿ. ಮಾರನೇ ದಿನ ಮತ್ತೆ ಕೇಳಿದ್ರೆ, ನಿನ್ನ ಕಣ್ಣಲ್ಲೇ ಏನೋ ಆಗಿದೆ ನಡಿ ಅಂತ ಕರ್ಕೊಂಡು ಬರ್ತಾಳೆ. ಆಗ ಬರೀ ತೂತು ಇರುತ್ತೆ, ಲೇಸರ್‌ನಲ್ಲಿ ಹೊಲಿದು ಕಳಿಸ್ತೀವಿ. ನಿಂದು ತಡವಾಯ್ತು."

ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದರು. ಅದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಹಲವು ದಿನ ಬೋರಲಾಗಿಯೇ ಮಲಗಿರಬೇಕು. "ಮನೇಲಿ ನೋಡ್ಕೊಳ್ಳೋಕೆ ಯಾರಿದ್ದಾರೆ?" ಅಂತ ನರ್ಸು ಕೇಳಿದಾಗ, "ಇದ್ದಾರೆ," ಅಂದೆ. ಟ್ಯಾಕ್ಸಿಯವನು ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಅವನು ಹೋದ ಮೇಲೆ ಕದ ಹಾಕಿಕೊಂಡೆ.

ಬೋರಲು ಮಲಗಿದವಳಿಗೆ ಕಾಣುವುದು ದಿಂಬು, ನೆಲ, ಒಂದು ಚಪ್ಪಲಿ. ಒಂಟಿತನ ಎನ್ನುವ ಮಾತನ್ನು ನಾನು ಅದುವರೆಗೆ ನನ್ನ ವಿಷಯದಲ್ಲಿ ಬಳಸಿದವಳಲ್ಲ. ನನಗೆ ಕೆಲಸವಿತ್ತು, ಜಗಳವಾಡಲು ಜನರಿದ್ದರು, ಸಾಕಾಗಿತ್ತು. ಈಗ ನೆಲ ನೋಡುತ್ತ ಮಲಗಿ ಅತ್ತೆ. ಅಳಬಾರದು ಅಂದಿದ್ದರೋ ಇಲ್ಲವೋ ಕೇಳಿಕೊಂಡಿರಲಿಲ್ಲ. ಅಳು ಬಂದದ್ದು ಕಣ್ಣಿಗಾಗಿ ಅಲ್ಲ. ತಿಂಗಳಿಗೂ ಹೆಚ್ಚು ಕಾಲ ನನ್ನ ಅಡುಗೆಮನೆಯಲ್ಲಿ ಮಿಂಚು ಹೊಡೆದರೂ ಇಲ್ಲವಲ್ಲ ಅನ್ನುವುದಕ್ಕೆ ಒಂದು ನರಪಿಳ್ಳೆ ಇರಲಿಲ್ಲ, ಅದಕ್ಕೆ. ಕಚೇರಿಯಲ್ಲಿ ಅಷ್ಟು ಜನ ಇಲ್ಲ ಇಲ್ಲ ಅಂತ ಬಡಕೊಂಡರು. ಅವರ ಆ 'ಇಲ್ಲ' ನನಗೆ ಹಗೆತನದಂತೆ ಕೇಳಿಸಿತು.

ಬ್ರೆಡೆ ಫೋನು ಮಾಡಿದ. "ಕಾಮಾಲೆ ಕಣ್ಣು ಅಂದ್ಬಿಟ್ಟೆ. ಆ ಮಾತು..."

"ಬಿಡು. ಸರಿಯಾಗೇ ಹೇಳಿದ್ದೆ."

"ಚಿಪ್ ಕಳಿಸಿದ್ವಿ. ನಿನ್ನ ವರದಿ ಇನ್ನೂ ತೆರೆದೇ ಇದೆ, ಮುಚ್ಚಬೇಕು. ಕಾರಣ ಏನಂತ ಬರೀಲಿ?"

"ದೋಷ ಯಂತ್ರದ್ದಲ್ಲ ಅಂತ ಬರಿ."

ಆಮೇಲೆ ಏನಾದರೂ ಬೇಕಾ ಅಂತ ಕೇಳಿದ. ಏನೂ ಬೇಡ ಅಂದೆ. ಯೋರುನ್ ಬಾಗಿಲ ಹಿಡಿಗೆ ಸೂಪಿನ ಡಬ್ಬಿ ನೇತುಹಾಕಿ, ಬೆಲ್ ಒತ್ತಿ, ನಾನು ಎದ್ದು ಬರಬೇಕಾಗುತ್ತದೆಂದು ಕಾಯದೆ ಹೋಗಿಬಿಟ್ಟಳು. ನಮ್ಮ ಕಡೆಯ ಸೌಜನ್ಯ ಅದು. ಯಾರಿಗೂ ತೊಂದರೆ ಕೊಡಬಾರದು.

ಗುಳ್ಳೆ ಕರಗಿತು. ಎಡಗಣ್ಣಿಗೆ ನೋಟ ಬಂತು, ಮೊದಲಿನಷ್ಟಲ್ಲ. ಬಾಗಿಲ ಚೌಕಟ್ಟು ಮಧ್ಯದಲ್ಲಿ ಸೊಟ್ಟಗೆ ಕಾಣುತ್ತದೆ. ಕೆಲಸಕ್ಕೆ ಮರಳಿದಾಗ ಎಲ್ಲರೂ ಮೆತ್ತಗೆ ಮಾತಾಡಿದರು. ಕತ್ತಲೆ ಕೋಣೆಯಲ್ಲಿ ನನ್ನ ಕುರ್ಚಿ ಇತ್ತು, ಕೆಲಸ ಇರಲಿಲ್ಲ. ಇನ್ನು ಮುಂದೆ ಯಂತ್ರದ ಹೋಲಿಕೆಯೇ ಸಾಕು ಅಂತ ತೀರ್ಮಾನವಾಗಿತ್ತು. ಪಣ ಇಟ್ಟವಳು ನಾನೇ ಆದ್ದರಿಂದ ತಕರಾರು ಮಾಡಲಿಲ್ಲ. ನನಗೆ ಹಳೆಯ ವಿವರಣೆಗಳನ್ನು ತಿದ್ದಿ ಬರೆಯುವ ಕೆಲಸ ಕೊಟ್ಟರು. ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು.

ಜನವರಿಯ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಮೂರೂವರೆಗೇ ಕತ್ತಲಾಗಿತ್ತು. ಅಡುಗೆಮನೆಯ ದೀಪ ಹಾಕಲು ಕೈ ಚಾಚಿದಾಗ ಏನೋ ಮಿಂಚಿತು. ಬಲಗಡೆ. ಕೈ ಅಲ್ಲೇ ನಿಂತಿತು. ಇನ್ನೊಂದು ಕಣ್ಣಿಗೂ ಬರಬಹುದು ಅಂತ ಡಾಕ್ಟರು ಹೇಳಿದ್ದಳು. ಆದರೆ ಕೆಳಗೆ ಬೀದಿಯಲ್ಲಿ ಹಿಮ ತಳ್ಳುವ ಗಾಡಿಗಳು ಹಳದಿ ದೀಪ ಮಿಟುಕಿಸುತ್ತ ಓಡಾಡುತ್ತಲೇ ಇರುತ್ತವೆ. ಗಾಡಿಯದ್ದೇ ಇರಬೇಕು ಅಂದುಕೊಂಡೆ. ಗಾಡಿಯ ಬೆಳಕು ಚಾವಣಿಗೆ ಬಡಿದು ಹೀಗೆ ಬರುತ್ತದೆ, ಕೋನ ಸರಿಹೋಗುತ್ತದೆ ಅಂತ ತಲೆ ಆಗಲೇ ಲೆಕ್ಕ ಶುರುಮಾಡಿತ್ತು. ಕೋಟೆಯ ಮೊದಲ ಕಲ್ಲು! ನನಗೆ ನನ್ನ ಮೇಲೇ ಮೈ ಉರಿಯಿತು. ಬಾಗಿಲು ತೆರೆದು, ಎದುರಿನ ಮನೆಯ ಕದ ಬಡಿದೆ.

ಆ ಮನೆಯಲ್ಲಿರುವವನ ಹೆಸರು ಓಡ್‌ಗೇರ್ ಅಂತ ಫಲಕ ನೋಡಿ ಗೊತ್ತಿತ್ತು, ಅಷ್ಟೇ. ವರ್ಷಗಳಿಂದ ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆಗೆ ಸರಿದು ದಾರಿ ಬಿಡುತ್ತಿದ್ದೆವು. ಕದ ತೆರೆದ. ದಪ್ಪ ಮನುಷ್ಯ, ಕೈಯಲ್ಲಿ ಸೌಟು, ಹಿಂದಿನಿಂದ ಹುರಿದ ಮೀನಿನ ವಾಸನೆ.

"ನಿಂಗೆ ತೊಂದರೆ ಆಗದಿದ್ರೆ," ಎಂದೆ, "ನಮ್ಮನೆಗೆ ಬಂದು ಸ್ವಲ್ಪ ಹೊತ್ತು ಕತ್ತಲಲ್ಲಿ ನಿಂತ್ಕೊಳ್ತೀಯಾ?"

ಅವನು ಸೌಟನ್ನೂ ನನ್ನನ್ನೂ ನೋಡಿದ. "ಕತ್ತಲಲ್ಲಾ?"

"ಏನಾದ್ರೂ ಮಿಂಚುತ್ತಾ ಅಂತ ನೋಡ್ಬೇಕು. ನಂಗೊಬ್ಬಳಿಗೇ ನೋಡೋಕೆ ಆಗಲ್ಲ."

ಬಂದ. ಸೌಟು ಕೈಯಲ್ಲೇ ಇತ್ತು. ದೀಪವಿಲ್ಲದ ನನ್ನ ಅಡುಗೆಮನೆಯಲ್ಲಿ ಇಬ್ಬರೂ ಪಕ್ಕಪಕ್ಕ ನಿಂತೆವು. ಅವನ ಉಸಿರಾಟ ಜೋರಾಗಿ ಕೇಳುತ್ತಿತ್ತು. ಆ ಅಡುಗೆಮನೆಯಲ್ಲಿ ಇನ್ನೊಬ್ಬರ ಉಸಿರು ಕೇಳಿ ಎಷ್ಟು ಕಾಲವಾಗಿತ್ತೋ ನನಗೆ ನೆನಪಾಗಲಿಲ್ಲ. ನಾನು ತಲೆಯನ್ನು ಸರ್ರನೆ ತಿರುಗಿಸಿದೆ. ಬಲ ಅಂಚಿನಲ್ಲಿ ಬಿಳಿಯ ಗೆರೆ ಹಾದುಹೋಯಿತು.

"ಈಗ?" ಎಂದು ಕೇಳಿದೆ.

"ಇಲ್ಲ."

ಇನ್ನೊಮ್ಮೆ ತಿರುಗಿಸಿದೆ. "ಈಗ?"

"ಇಲ್ಲ ಕಣೇ. ಏನೂ ಇಲ್ಲ."

ನಾನು ವಾದಿಸಲಿಲ್ಲ.

"ನಿಂಗೆ ಕಂಡಿತಾ?" ಎಂದು ಅವನು ಕೇಳಿದ.

"ಕಂಡಿತು. ಎಡಗಣ್ಣು ಹರಿದಾಗಲೂ ಹೀಗೇ ಶುರುವಾಗಿದ್ದು."

ಅವನು ಬಾಗಿಲ ಕಡೆ ತಿರುಗಿದ. "ಹಾಗಾದ್ರೆ ಬೂಟು ಹಾಕ್ಕೋ," ಎಂದ. "ಒಲೆ ಆರಿಸಿ ಕಾರಿನ ಕೀ ತರ್ತೀನಿ."